ಹಿರಿಯರಿಂದ ಬಂದ ಹಳೆಯ ನಾಣ್ಯ ಅಸಲಿಯೋ ನಕಲಿಯೋ: ಪರೀಕ್ಷಿಸುವ ಕ್ರಮ

1944ನೆಯ ಇಸವಿಯ ಬ್ರಿಟಿಷ್ ಇಂಡಿಯಾ ರೂಪಾಯಿಯೊಂದನ್ನು ನಾನು ಒಮ್ಮೆ ನಕಲಿ ಎಂದು ಹೇಳಿ, ಅದನ್ನು ಅಜ್ಜನಿಂದ ಪಡೆದಿದ್ದ ಬಂಧುವೊಬ್ಬರ ಮುಖ ಸಪ್ಪಗಾಗುವಂತೆ ಮಾಡಿದ್ದೆ. ತೂಕ ಸರಿಯಿತ್ತು, ಅಕ್ಷರಗಳು ಸರಿಯಿದ್ದವು. ಆದರೆ ನೀರಿನಲ್ಲಿ ತೂಗಿ ಲೆಕ್ಕ ಹಾಕಿದಾಗ ಸಾಂದ್ರತೆ (ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅಂಕಿ) 9.5 ಬಂದಿತ್ತು, ನಾನು ತಿಳಿದುಕೊಂಡಿದ್ದಂತೆ ರೂಪಾಯಿಯ ಬೆಳ್ಳಿಗೆ ಅದು 10.3ರ ಆಸುಪಾಸಿನಲ್ಲಿ ಇರಬೇಕಿತ್ತು. ತಪ್ಪು ನಾಣ್ಯದ್ದಾಗಿರಲಿಲ್ಲ. 1940ರಿಂದ ಆ ರೂಪಾಯಿಯ ಬೆಳ್ಳಿಯ ಪಾಲನ್ನು ಶೇ. 91.7ರಿಂದ ಶೇ. 50ಕ್ಕೆ ಇಳಿಸಿ, ಉಳಿದ ಅರ್ಧಕ್ಕೆ ತಾಮ್ರ, ನಿಕಲ್ ಮತ್ತು ಸತುವನ್ನು ಬೆರೆಸಲಾಗಿತ್ತು, ಅಂಥ ಮಿಶ್ರಲೋಹದ ಸಾಂದ್ರತೆ ಇರುವುದೇ 9.5ರಷ್ಟು. ಒಂದು ಅಸಲಿ ನಾಣ್ಯವನ್ನು ಬೇರೊಂದು ನಾಣ್ಯದ ಅಳತೆಗೆ ಹಿಡಿದು ನಾನು ತೀರ್ಪು ಕೊಟ್ಟಿದ್ದೆ.

ಆ ಪೆಟ್ಟು ತಿಂದ ಮೇಲೆ ನಾನು ಅನುಸರಿಸುತ್ತಾ ಬಂದಿರುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ: 0.01 ಗ್ರಾಂವರೆಗೆ ತೋರಿಸುವ ಒಂದು ಡಿಜಿಟಲ್ ತಕ್ಕಡಿ, ವ್ಯಾಸ ಅಳೆಯಲು ಒಂದು ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣದೊಂದು ಬಲವಾದ ನಿಯೋಡೈಮಿಯಂ ಅಯಸ್ಕಾಂತ, ನೀರು ತುಂಬಿದ ಪ್ಲಾಸ್ಟಿಕ್ ಲೋಟ ಮತ್ತು ಸಪೂರ ದಾರ. ಮೊದಲೇ ಒಂದು ಮಾತು ತಿಳಿದಿರಲಿ. ಮನೆಯಲ್ಲಿ ಮಾಡುವ ಯಾವ ಪರೀಕ್ಷೆಯೂ ನಾಣ್ಯವನ್ನು ಅಸಲಿ ಎಂದು ಸಾಬೀತು ಮಾಡಲಾರದು. ನಕಲಿ ಎಂದು ತಳ್ಳಿಹಾಕಲು ಮಾತ್ರ ಅವು ನೆರವಾಗುತ್ತವೆ. ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದ ನಾಣ್ಯದ ಬಗ್ಗೆ ಹೇಳಬಹುದಾದುದು "ಅನುಮಾನಕ್ಕೆ ಕಾರಣ ಸಿಗಲಿಲ್ಲ" ಎಂಬುದಷ್ಟನ್ನೇ.

ಹಂತ 1: ತೊಳೆಯಬೇಡಿ, ಉಜ್ಜಬೇಡಿ

ಪೆಟ್ಟಿಗೆಯಿಂದ ಹೊರಬಂದ ಕಪ್ಪಿಟ್ಟ ನಾಣ್ಯವನ್ನು ಹುಣಸೆಹಣ್ಣು, ಟೂತ್‌ಪೇಸ್ಟ್ ಅಥವಾ ಬೂದಿ ಹಾಕಿ ಬೆಳಗಬೇಕೆಂಬ ಆಸೆ ಎಲ್ಲರಿಗೂ ಹುಟ್ಟುತ್ತದೆ. ಹಾಗೆ ಬೆಳಗಿದರೆ ನಾಣ್ಯದ ಬೆಲೆ ಇಳಿಯುವುದಷ್ಟೇ ಅಲ್ಲ, ಪರೀಕ್ಷೆಗೆ ಬೇಕಾದ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಅಕ್ಷರಗಳ ಸಂದಿಯಲ್ಲಿ ಕೂತ ಕೊಳೆ, ತಾಮ್ರದ ಮೇಲೆ ಹಿಡಿದ ಕಿಲುಬು, ಬೆಳ್ಳಿಯ ಮೇಲೆ ದಶಕಗಳಲ್ಲಿ ನಿಧಾನವಾಗಿ ಆವರಿಸಿದ ಕಪ್ಪು, ಇವೆಲ್ಲ ಓದಬಲ್ಲವರಿಗೆ ಬರಹವಿದ್ದಂತೆ. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಕೆಳಗೆ ಮೆತ್ತನೆಯ ಬಟ್ಟೆ ಹಾಸಿಕೊಂಡು ನೋಡಿ. ಒರೆಗಲ್ಲಿಗೆ ತಿಕ್ಕುವುದು, ಆ್ಯಸಿಡ್ ಹನಿಸುವುದು, ಅರದಿಂದ ಅಂಚನ್ನು ಕೆರೆಯುವುದು ಒಡವೆಗೆ ಸಲ್ಲಬಹುದು, ನಾಣ್ಯಕ್ಕೆ ಸಲ್ಲದು.

ನಾಣ್ಯದ ಜೊತೆ ಬಂದ ಕಾಗದದ ಪೊಟ್ಟಣ, ಹಳೆಯ ರಸೀದಿ, ಹಿರಿಯರ ಕೈಬರಹದ ಚೀಟಿ ಏನಿದ್ದರೂ ಎಸೆಯದೆ ಅದರೊಂದಿಗೇ ಇಡಿ. ಅದು ಯಾರ ಕೈಗೆ ಯಾವಾಗ ಬಂತೆಂಬುದಕ್ಕೆ ದಾಖಲೆ ಇದ್ದರೆ ಮುಂದೆ ಪರಿಣತರಿಗೆ ಬಹಳ ಉಪಯೋಗವಾಗುತ್ತದೆ. ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಕಥೆಯನ್ನೂ ಬರೆದಿಡಬಹುದು, ಆದರೆ ಅದನ್ನು ಪುರಾವೆ ಎಂದು ಎಣಿಸಬಾರದು. ಮುತ್ತಜ್ಜ ಕೊಟ್ಟದ್ದೆಂದ ಮಾತ್ರಕ್ಕೆ ನಾಣ್ಯ ಅಸಲಿಯಾಗುವುದಿಲ್ಲ, ಏಕೆಂದರೆ ಮುತ್ತಜ್ಜನ ಕಾಲದಲ್ಲೂ ಖೋಟಾ ನಾಣ್ಯಗಳಿದ್ದವು, ಅವರೂ ಮೋಸ ಹೋಗಿರಬಹುದು.

ಹಂತ 2: ನಾಣ್ಯ ತನ್ನನ್ನು ಏನೆಂದು ಹೇಳಿಕೊಳ್ಳುತ್ತಿದೆ?

ನನ್ನ ಅನುಭವದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯುವುದು ಈ ಹಂತದಲ್ಲಿ. ದೇಶ, ಅರಸ ಅಥವಾ ಅರಸಿಯ ಹೆಸರು, ಮುಖಬೆಲೆ, ಇಸವಿ, ಟಂಕಸಾಲೆಯ ಗುರುತು, ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಅದೇ ಇಸವಿಯ ಅದೇ ನಾಣ್ಯಕ್ಕೆ ಇರಬೇಕಾದ ಲೋಹ, ತೂಕ, ವ್ಯಾಸ ಮತ್ತು ಅಂಚಿನ ವಿನ್ಯಾಸವನ್ನು ಹುಡುಕಿ ಪಕ್ಕದಲ್ಲಿ ಬರೆಯಿರಿ. ನ್ಯೂಮಿಸ್ಟಾದಂಥ ಅಂತರಜಾಲದ ಪಟ್ಟಿಗಳಲ್ಲಿ, ದೊಡ್ಡ ವಸ್ತುಸಂಗ್ರಹಾಲಯಗಳ ತಾಣಗಳಲ್ಲಿ ಈ ವಿವರಗಳು ಚಿತ್ರಸಹಿತ ಸಿಗುತ್ತವೆ. "ಅದೇ ಇಸವಿಯ" ಎಂಬ ಮಾತಿಗೆ ನಾನು ಏಕೆ ಒತ್ತು ಕೊಡುತ್ತೇನೆಂಬುದು ಮೇಲಿನ ರೂಪಾಯಿಯ ಪ್ರಸಂಗದಿಂದ ತಿಳಿದಿರಬಹುದು.

ಈ ವಿವರಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂಬುದನ್ನು ನೋಡಬೇಕು. ಅಮೆರಿಕದ ಐದು ಸೆಂಟಿನ ನಾಣ್ಯದಲ್ಲಿ ಯುದ್ಧದ ಕಾರಣ 1942ರಿಂದ 1945ರವರೆಗೆ ನಿಕಲ್ ಬದಲು ಶೇ. 35ರಷ್ಟು ಬೆಳ್ಳಿ ಬಳಸಲಾಯಿತು, ಅಂಥವನ್ನು ಬೇರ್ಪಡಿಸಲು ಸುಲಭವಾಗಲೆಂದು ಹಿಂಬದಿಯ ಕಟ್ಟಡದ ಗುಮ್ಮಟದ ಮೇಲೆ ಟಂಕಸಾಲೆಯ ದೊಡ್ಡ ಅಕ್ಷರವನ್ನು ಹಾಕಲಾಯಿತು. ನ್ಯೂಜೆರ್ಸಿಯ ಫ್ರಾನ್ಸಿಸ್ ಲೀರಾಯ್ ಹೆನಿಂಗ್ ಎಂಬ ಖೋಟಾದಾರ 1944ನೆಯ ಇಸವಿ ಹಾಕಿ ನಾಣ್ಯಗಳನ್ನು ಅಚ್ಚೊತ್ತಿದಾಗ ಆ ಅಕ್ಷರವನ್ನೇ ಮರೆತ. ಕೆಲಸ ಚೆನ್ನಾಗಿತ್ತು, ಚರಿತ್ರೆ ಗೊತ್ತಿರಲಿಲ್ಲ. ಇಂಥ ತಪ್ಪನ್ನು ಹಿಡಿಯಲು ತಕ್ಕಡಿಯೂ ಬೇಡ, ಭೂತಗನ್ನಡಿಯೂ ಬೇಡ.

ಇದೇ ಹಂತದಲ್ಲಿ ಎರಡು ಬಗೆಯ ವಸ್ತುಗಳು ಬೇರ್ಪಡುತ್ತವೆ. ಮೊದಲನೆಯದು, ಎಂದೂ ಚಲಾವಣೆಯಲ್ಲಿ ಇಲ್ಲದಿದ್ದ ಕಲ್ಪಿತ ನಾಣ್ಯ. ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818ನೆಯ ಇಸವಿ ಮತ್ತು ರಾಮನ ದರ್ಬಾರು ಅಥವಾ ಹನುಮಂತನ ಚಿತ್ರವಿರುವ ದೊಡ್ಡ ತಾಮ್ರದ ಬಿಲ್ಲೆಗಳು ಈ ಜಾತಿಯವು. ಕಂಪನಿಯ ಮದರಾಸಿನ ಚಿನ್ನದ ವರಹಗಳ ಮೇಲೆ ದೇವರ ಚಿತ್ರಗಳು ಇದ್ದದ್ದು ನಿಜವಾದರೂ, ಈ ತಾಮ್ರದ ಬಿಲ್ಲೆಗಳನ್ನು ಕಂಪನಿಯ ಯಾವ ಟಂಕಸಾಲೆಯೂ ಹೊರಡಿಸಲಿಲ್ಲ. ಅಸಲಿ ಎಂಬುದೇ ಇಲ್ಲದ ಮೇಲೆ ಅವನ್ನು ಹೋಲಿಸಿ ನೋಡುವ ಶ್ರಮವೇ ಬೇಡ.

ಎರಡನೆಯದು ಮರುಮುದ್ರಣ. ಆಸ್ಟ್ರಿಯದ ಮರಿಯಾ ತೆರೇಸಾ 1780ರಲ್ಲಿ ತೀರಿಕೊಂಡಳು. ಆದರೆ ಅವಳ ಮುಖವಿರುವ ಬೆಳ್ಳಿಯ ಥೇಲರ್ ನಾಣ್ಯವನ್ನು ವ್ಯಾಪಾರಿಗಳು ಅಷ್ಟು ನಂಬಿದ್ದರೆಂದರೆ, ಅದೇ 1780ನೆಯ ಇಸವಿಯನ್ನು ಉಳಿಸಿಕೊಂಡು ವಿಯೆನ್ನಾ, ರೋಮ್, ಲಂಡನ್, ಬೊಂಬಾಯಿ ಮುಂತಾದ ಟಂಕಸಾಲೆಗಳು ಇಪ್ಪತ್ತನೆಯ ಶತಮಾನದಲ್ಲೂ ಅದನ್ನು ಅಚ್ಚೊತ್ತುತ್ತಿದ್ದವು. ನಿಮ್ಮಲ್ಲಿರುವುದು ಅಂಥದ್ದಾದರೆ ತೂಕ 28.07 ಗ್ರಾಂ ಸುಮಾರಿಗೆ ಇರುತ್ತದೆ, ಬೆಳ್ಳಿ ಶೇ. 83.3 ಇರುತ್ತದೆ, ಅದು ಖೋಟಾ ಅಲ್ಲ, ಆದರೂ 1780ರದ್ದೂ ಅಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ "ಅಸಲಿಯೋ?" ಎಂದಷ್ಟೇ ಆದರೆ ಸಾಲದು; "ಯಾವುದರ ಅಸಲಿ?" ಎಂದೂ ಕೇಳಿಕೊಳ್ಳಬೇಕು.

ಹಂತ 3: ತೂಕ ಮತ್ತು ಅಳತೆ

ನಾಣ್ಯವನ್ನು ಮೂರು ಸಲ ತೂಗಿ, ವ್ಯಾಸವನ್ನು ಎರಡು ದಿಕ್ಕಿನಲ್ಲಿ ಅಳೆದು ಬರೆದುಕೊಳ್ಳಿ. ಬ್ರಿಟಿಷ್ ಇಂಡಿಯಾ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಬ್ರಿಟನ್ನಿನ ಚಿನ್ನದ ಸಾವರಿನ್ 7.98 ಗ್ರಾಂ, ವ್ಯಾಸ 22.05 ಮಿ.ಮೀ. ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರ್ 26.73 ಗ್ರಾಂ, 38.1 ಮಿ.ಮೀ. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯ ಒಂದಿಷ್ಟು ಹಗುರವಾಗಿರುವುದು ಸಹಜ. ಆದರೆ ಮುಖದ ಗೆರೆಗಳೆಲ್ಲ ಹೊಸದರಂತೆ ಎದ್ದು ಕಾಣುತ್ತಿದ್ದು ತೂಕ ಮಾತ್ರ ಕಡಿಮೆಯಿದ್ದರೆ, ಅಥವಾ ಸವಕಲು ನಾಣ್ಯವು ನಿಗದಿತ ತೂಕಕ್ಕಿಂತ ಹೆಚ್ಚು ತೂಗಿದರೆ, ಅದಕ್ಕೆ ಸಮಾಧಾನ ಹೇಳುವುದು ಕಷ್ಟ. ಎರಕದ ನಕಲಿಯ ವ್ಯಾಸ ಕೂದಲೆಳೆಯಷ್ಟು ಚಿಕ್ಕದಾಗಿರುವುದುಂಟು, ಏಕೆಂದರೆ ಕರಗಿಸಿ ಸುರಿದ ಲೋಹ ಆರುವಾಗ ಕುಗ್ಗುತ್ತದೆ.

ಪದಕವಾಗಿ ಕೊರಳಲ್ಲಿ ತೂಗಿದ್ದ ನಾಣ್ಯಗಳಿಗೆ ಈ ಲೆಕ್ಕ ನೇರವಾಗಿ ಅನ್ವಯಿಸದು. ಕೊಂಡಿ ಕಿತ್ತ ಜಾಗದ ಬೆಸುಗೆ, ತುಂಬಿದ ತೂತು, ಮೇಲೆ ಹಾಕಿಸಿದ ಲೋಹದ ಲೇಪ ಇವುಗಳಿಂದ ತೂಕ ಎರಡೂ ಕಡೆಗೆ ವಾಲಬಹುದು.

ಹಂತ 4: ಅಯಸ್ಕಾಂತ

ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಕಬ್ಬಿಣ, ಉಕ್ಕು ಮತ್ತು ಶುದ್ಧ ನಿಕಲ್ ಅಂಟುತ್ತವೆ. ಅಮೆರಿಕದಲ್ಲಿ 1943ರಲ್ಲಿ ತಾಮ್ರ ಉಳಿಸಲೆಂದು ಒಂದು ಸೆಂಟಿನ ನಾಣ್ಯವನ್ನು ಸತು ಲೇಪಿಸಿದ ಉಕ್ಕಿನಲ್ಲಿ ಹೊರಡಿಸಿದರು. ಕೆಲವೇ ಕೆಲವು ಮಾತ್ರ ತಪ್ಪಿ ತಾಮ್ರದ ಮಿಶ್ರಲೋಹದಲ್ಲಿ ಅಚ್ಚಾಗಿ ಇಂದು ಅತ್ಯಮೂಲ್ಯವಾಗಿವೆ. ಉಕ್ಕಿನ ನಾಣ್ಯಕ್ಕೇ ತಾಮ್ರ ಲೇಪಿಸಿ ಮೋಸ ಮಾಡಿದವರು ಲೆಕ್ಕವಿಲ್ಲದಷ್ಟಿದ್ದಾರೆ, ಅವರ ಕೈಚಳಕ ಅಯಸ್ಕಾಂತದ ಮುಂದೆ ಅರೆಕ್ಷಣವೂ ನಿಲ್ಲುವುದಿಲ್ಲ. ಹಾಗೆಂದು ಅಂಟಿದ್ದೆಲ್ಲ ನಕಲಿಯೆಂದು ತಿಳಿಯಬಾರದು: ಹುಲಿಯ ಚಿತ್ರವಿರುವ 1947ರ ರೂಪಾಯಿ ಅಪ್ಪಟ ನಿಕಲ್ಲಿನದು, ಅದು ಅಂಟಲೇಬೇಕು.

ಬೆಳ್ಳಿಗೆ ಇನ್ನೊಂದು ಉಪಾಯವಿದೆ. ನಾಣ್ಯದ ಮೇಲೆ ತೆಳುವಾದ ಕಾಗದವಿಟ್ಟು, ಓರೆಯಾಗಿ ಹಿಡಿದು, ಮೇಲಿನಿಂದ ಚಿಕ್ಕ ಅಯಸ್ಕಾಂತವನ್ನು ಜಾರಬಿಡಿ. ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಬೆಳ್ಳಿಯಲ್ಲಿ ಅಯಸ್ಕಾಂತದ ಚಲನೆಯಿಂದಲೇ ಸುಳಿವಿದ್ಯುತ್ತು ಹುಟ್ಟಿ ಅದನ್ನು ತಡೆಯುವುದರಿಂದ, ಅಯಸ್ಕಾಂತವು ಜೇನಿನೊಳಗೆ ಇಳಿದಂತೆ ನಿಧಾನವಾಗಿ ಸಾಗುತ್ತದೆ. ಸೀಸ, ತವರ ಅಥವಾ ತಾಮ್ರ-ನಿಕಲ್ ಮಿಶ್ರಣದ ಮೇಲಾದರೆ ಸರ್ರನೆ ಜಾರಿ ಬೀಳುತ್ತದೆ. ತಾಮ್ರವೂ ಬೆಳ್ಳಿಯಷ್ಟೇ ಚೆನ್ನಾಗಿ ತಡೆಯುವುದರಿಂದ ಬೆಳ್ಳಿ ಲೇಪದ ತಾಮ್ರ ಇಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಮುಂದಿನ ಹಂತ ಬೇಕು.

ಹಂತ 5: ನೀರಿನಲ್ಲಿ ತೂಗುವುದು

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ನಾಣ್ಯಕ್ಕೆ ಯಾವ ಗಾಯವೂ ಆಗುವುದಿಲ್ಲ, ಸಿಗುವ ಉತ್ತರವೂ ಅಂಕಿಯ ರೂಪದಲ್ಲಿರುತ್ತದೆ.

ಮೊದಲು ನಾಣ್ಯವನ್ನು ಒಣಗಿರುವಾಗ ತೂಗಿಕೊಳ್ಳಿ. ಬಳಿಕ ಅರ್ಧ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯಕ್ಕೆ ಸಪೂರ ದಾರವನ್ನು ಸುತ್ತಿ ಕಟ್ಟಿ, ಅದು ನೀರಿನಲ್ಲಿ ಪೂರ್ತಿ ಮುಳುಗುವಂತೆ, ಆದರೆ ತಳಕ್ಕಾಗಲಿ ಬದಿಗಾಗಲಿ ತಾಗದಂತೆ ಇಳಿಬಿಡಿ. ದಾರವನ್ನು ಕೈಯಲ್ಲಿ ಹಿಡಿಯುವುದಕ್ಕಿಂತ ಪಕ್ಕದಲ್ಲಿ ಒಂದು ಆಸರೆಗೆ ಕಟ್ಟಿದರೆ ಅಂಕಿ ಓಲಾಡುವುದಿಲ್ಲ. ನಾಣ್ಯಕ್ಕೆ ಗಾಳಿಗುಳ್ಳೆಗಳು ಅಂಟಿಕೊಂಡಿದ್ದರೆ ಮೆಲ್ಲನೆ ಅಲುಗಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಅಂಕಿ ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ.

1940ಕ್ಕಿಂತ ಹಿಂದಿನ ಒಂದು ರೂಪಾಯಿಯನ್ನು ತೆಗೆದುಕೊಳ್ಳೋಣ. ತೂಕ 11.66 ಗ್ರಾಂ ಇದ್ದು, ನೀರಿನಲ್ಲಿ ಅಂಕಿ 1.13 ಬಂದರೆ ಸಾಂದ್ರತೆ 10.3, ಶೇ. 91.7 ಬೆಳ್ಳಿಗೆ ಇದು ಒಪ್ಪುತ್ತದೆ. ಅದೇ ತೂಕದ ನಾಣ್ಯ 1.31 ತೋರಿಸಿದರೆ ಸಾಂದ್ರತೆ 8.9ಕ್ಕೆ ಇಳಿಯುತ್ತದೆ, ಅಂದರೆ ಒಳಗಿರುವುದು ತಾಮ್ರ ಅಥವಾ ತಾಮ್ರ-ನಿಕಲ್. 1940ರಿಂದೀಚಿನ ಶೇ. 50 ಬೆಳ್ಳಿಯದ್ದಾದರೆ 1.22ರ ಸುಮಾರಿಗೆ ಬರಬೇಕು. ನೆನಪಿಗೆ ಕೆಲವು ಅಂಕಿಗಳು: ಶುದ್ಧ ಬೆಳ್ಳಿ 10.49, ಚಿನ್ನ 19.3, ತಾಮ್ರ 8.96, ಸೀಸ 11.34, ತವರ 7.3, ಸತು 7.14. ತಾಮ್ರ ಬೆರೆತ 22 ಕ್ಯಾರೆಟ್ ಚಿನ್ನ 17.6ರ ಆಸುಪಾಸಿನಲ್ಲಿರುತ್ತದೆ.

ಸಣ್ಣ ನಾಣ್ಯಗಳ ವಿಷಯದಲ್ಲಿ ಈ ವಿಧಾನವನ್ನು ನಂಬಬಾರದು. ಎರಡು ಗ್ರಾಂ ತೂಗುವ ಚಿನ್ನದ ನಾಣ್ಯ ಸರಿಸುವ ನೀರು 0.11 ಗ್ರಾಂ ಮಾತ್ರ, ತಕ್ಕಡಿ 0.01ರಷ್ಟು ತಪ್ಪಿದರೂ ಫಲಿತಾಂಶ ಸುಮಾರು ಹತ್ತನೆಯ ಒಂದು ಪಾಲು ಬದಲಾಗಿಬಿಡುತ್ತದೆ. ಟಂಗ್‌ಸ್ಟನ್ನಿನ ಸಾಂದ್ರತೆ 19.25 ಆಗಿರುವುದರಿಂದ ಶುದ್ಧ ಚಿನ್ನವೆಂದು ಹೇಳುವ ನಾಣ್ಯದೊಳಗೆ ಅದು ಅಡಗಿದ್ದರೆ ನೀರು ಅದನ್ನು ಬಯಲು ಮಾಡುವುದಿಲ್ಲ.

ಹಂತ 6: ನಾದ

ನಾಣ್ಯವನ್ನು ಕಲ್ಲಿನ ಮೇಲೆ ಎಸೆದು ಸದ್ದು ಕೇಳುವುದು ಹಿಂದಿನ ಚಿನಿವಾರರ ಪದ್ಧತಿ. ಅವರ ಮುಂದಿದ್ದುದು ಆ ದಿನದ ಹಣ, ನಿಮ್ಮ ಕೈಯಲ್ಲಿರುವುದು ಹಾಗಲ್ಲ. ಬೆರಳ ತುದಿಯ ಮೇಲೆ ಸಮತೋಲನದಲ್ಲಿಟ್ಟು ಪೆನ್ಸಿಲಿನಿಂದ ಮೆಲ್ಲನೆ ತಟ್ಟಿದರೆ ಸಾಕು. ಬೆಳ್ಳಿ ಗಂಟೆಯಂತೆ ದೀರ್ಘವಾಗಿ ಮಿಡಿಯುತ್ತದೆ, ಸೀಸ ಬೆರೆತದ್ದು ಟಪ್ ಎಂದು ಸುಮ್ಮನಾಗುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೆ ಅಸಲಿಯೂ ಮೂಕವಾಗುತ್ತದೆ. ನಾನು ಇದನ್ನು ಕುತೂಹಲಕ್ಕೆ ಮಾಡುತ್ತೇನೆ, ತೀರ್ಮಾನಕ್ಕೆ ಬಳಸುವುದಿಲ್ಲ.

ಹಂತ 7: ಭೂತಗನ್ನಡಿಯ ಕೆಳಗೆ

ಲೋಹ ಸರಿಯಿದ್ದ ಮಾತ್ರಕ್ಕೆ ನಾಣ್ಯ ಸರಿಯೆಂದಾಗದು. 1950 ಮತ್ತು 60ರ ದಶಕಗಳಲ್ಲಿ ಲೆಬನಾನ್ ಮುಂತಾದೆಡೆ ತಯಾರಾದ ನಕಲಿ ಸಾವರಿನ್‌ಗಳಲ್ಲಿ ಚಿನ್ನವೇ ಇರುತ್ತಿತ್ತು, ತೂಕವೂ ಸರಿಸುಮಾರು ಹೊಂದುತ್ತಿತ್ತು. ನಾಣ್ಯಕ್ಕೆ ಅದರ ಚಿನ್ನಕ್ಕಿಂತ ಹೆಚ್ಚು ಬೆಲೆ ಸಿಗುವಾಗ ಖೋಟಾದಾರ ಚಿನ್ನವನ್ನೇ ಬಳಸಿ ಲಾಭ ಮಾಡಿಕೊಳ್ಳಬಲ್ಲ. ಅಂಥದ್ದನ್ನು ಹಿಡಿಯುವುದು ಕಣ್ಣೊಂದೇ. ಸೇಂಟ್ ಜಾರ್ಜ್ ಕುದುರೆಯ ಮೇಲೆ ಕುಳಿತು ಡ್ರ್ಯಾಗನ್ನನ್ನು ಕೊಲ್ಲುವ ಚಿತ್ರದ ಕೆಳಗೆ, ಇಸವಿಯ ಬಲಕ್ಕೆ, ಬಹುಪಾಲು ಸಾವರಿನ್‌ಗಳಲ್ಲಿ ವಿನ್ಯಾಸಕಾರ ಬೆನೆಡೆಟ್ಟೊ ಪಿಸ್ಟ್ರುಚ್ಚಿಯ ಹೆಸರಿನ ಮೊದಲಕ್ಷರಗಳಾದ 'ಬಿ.ಪಿ.' ಸಾಸಿವೆಗಿಂತ ಚಿಕ್ಕದಾಗಿ ಇರುತ್ತವೆ. ನಕಲಿಗಳಲ್ಲಿ ಆ ಜಾಗದಲ್ಲಿ ಎಷ್ಟೋ ಸಲ ಬರಿಯ ಎರಡು ಗುಬುಟುಗಳು ಕಾಣುತ್ತವೆ.

ಬೆಳಕನ್ನು ಮೇಲಿನಿಂದ ಬಿಡದೆ ಪಕ್ಕದಿಂದ ಓರೆಯಾಗಿ ಬಿಟ್ಟು, ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತಾ ನೋಡಿ. ಟಂಕಸಾಲೆಯ ಅಚ್ಚು ಬಲವಾಗಿ ಬಿದ್ದಾಗ ಅಕ್ಷರದ ಗೋಡೆ ನಾಣ್ಯದ ನೆಲವನ್ನು ಕತ್ತರಿಸಿದಂತೆ ಚೂಪಾಗಿ ಸೇರುತ್ತದೆ. ಎರಕದ ನಾಣ್ಯದಲ್ಲಿ ಅದೇ ಜಾಗ ಮೇಣ ಕರಗಿದಂತೆ ದುಂಡಗಾಗಿ, ನೆಲದ ಮೇಲೆ ಸೂಜಿಮೊನೆಯಷ್ಟು ಗಾಳಿಗುಳಿಗಳು ಅಥವಾ ಮರಳಿನಂಥ ತರಿ ಕಾಣುತ್ತದೆ. ಅಸಲಿಯಿಂದಲೇ ಅಚ್ಚು ತೆಗೆದು ಒತ್ತಿದ ನಕಲಿ ಇದಕ್ಕಿಂತ ಜಾಣ. ಆದರೆ ಮೂಲ ನಾಣ್ಯಕ್ಕೆ ಬಿದ್ದಿದ್ದ ಪೆಟ್ಟು, ಗೀರುಗಳೂ ಅಚ್ಚಿಗೆ ಹೋಗಿಬಿಡುತ್ತವೆ. ಆದ್ದರಿಂದ ಪೆಟ್ಟಿಗೆಯಲ್ಲಿ ಒಂದೇ ಬಗೆಯ ಹಲವು ನಾಣ್ಯಗಳಿದ್ದರೆ ಅವನ್ನು ಸಾಲಾಗಿಟ್ಟು ಗಮನಿಸಿ. ಎರಡು ನಾಣ್ಯಗಳ ಕೆನ್ನೆಯ ಮೇಲೆ ಅದೇ ಜಾಗದಲ್ಲಿ ಅದೇ ಆಕಾರದ ಕಚ್ಚು ಇದ್ದರೆ ಎರಡೂ ಒಂದೇ ಖೋಟಾ ಅಚ್ಚಿನ ಮಕ್ಕಳೆಂಬ ಅನುಮಾನ ಬಲವಾಗುತ್ತದೆ.

ಸವೆತವನ್ನೂ ಓದಬೇಕು. ಚಲಾವಣೆಯಲ್ಲಿ ಮೊದಲು ಸವೆಯುವುದು ಕೆನ್ನೆ, ಕೂದಲು, ಕಿರೀಟದ ತುದಿಯಂಥ ಎತ್ತರದ ಜಾಗಗಳು. ತಗ್ಗುಗಳು ಬಹಳ ಕಾಲ ಹಾಗೇ ಉಳಿಯುತ್ತವೆ. ತಗ್ಗೂ ಉಬ್ಬೂ ಒಂದೇ ಸಮನೆ ಮಸುಕಾಗಿದ್ದರೆ ಅದು ಎರಕದ ದೋಷ ಅಥವಾ ಬೇಕೆಂದೇ ತಂದ ಮುಪ್ಪು. ಹಳೆಯ ಗ್ರೀಕ್ ಮತ್ತು ರೋಮನ್ ನಾಣ್ಯಗಳನ್ನು ನಕಲು ಮಾಡಿ ಹೆಸರಾದ ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ (1772–1830) ತನ್ನ ಹೊಸ ನಾಣ್ಯಗಳನ್ನು ಕಬ್ಬಿಣದ ಪುಡಿ ತುಂಬಿದ ಪೆಟ್ಟಿಗೆಯಲ್ಲಿ ಹಾಕಿ, ಅದನ್ನು ಕುದುರೆಗಾಡಿಗೆ ಬಿಗಿದು ಸವಾರಿಗೆ ಒಯ್ಯುತ್ತಿದ್ದನೆಂದು ಹೇಳುತ್ತಾರೆ. ರಸ್ತೆಯ ಕುಲುಕಾಟವೇ ಶತಮಾನಗಳ ಕೆಲಸ ಮಾಡುತ್ತಿತ್ತು.

ಅಸಲಿ ನಾಣ್ಯದ ಇಸವಿ ಅಥವಾ ಗುರುತನ್ನು ತಿದ್ದಿ ಅಪರೂಪದ್ದನ್ನಾಗಿ ಮಾಡುವುದು ಇನ್ನೊಂದು ಮೋಸ. ಲೋಹ, ತೂಕ, ನಾದ ಎಲ್ಲವೂ ಅಲ್ಲಿ ಸರಿಯೇ ಇರುತ್ತವೆ. ವಿನ್ಯಾಸಕಾರನ ಹೆಸರಿನ ಮೊದಲಕ್ಷರಗಳಿರುವ 1909ರ ಲಿಂಕನ್ ಸೆಂಟ್ ಸಾಮಾನ್ಯ ನಾಣ್ಯ, ಅದರ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ 'ಎಸ್' ಇದ್ದರೆ ದುಬಾರಿ. ಹಾಗಾಗಿ 'ಎಸ್' ಅಕ್ಷರವನ್ನು ಅಂಟಿಸುವವರು ಹುಟ್ಟಿಕೊಂಡರು. ಅಲ್ಲಿ ಆ ನಾಣ್ಯದ ಮುಂಬದಿಗೆ ಬಳಕೆಯಾದದ್ದು ನಾಲ್ಕೇ ಅಚ್ಚುಗಳಾದ್ದರಿಂದ ಅಸಲಿಯಲ್ಲಿ 'ಎಸ್' ಇರಬಹುದಾದ ಜಾಗಗಳೂ ನಾಲ್ಕೇ. ಪರಿಣತರು ಮೊದಲು ನೋಡುವುದು ಅದನ್ನು. ನಿಮ್ಮ ನಾಣ್ಯ ಯಾವುದೇ ಇರಲಿ, ಅಪರೂಪವೆಂದು ಹೇಳಲಾಗುವ ಅಂಕಿ ಅಥವಾ ಅಕ್ಷರದ ಸುತ್ತ ಬಣ್ಣ ಬೇರೆಯಾಗಿದೆಯೇ, ಕೆರೆದ ಗೀರುಗಳಿವೆಯೇ, ಬುಡದಲ್ಲಿ ಸಂದಿ ಕಾಣುತ್ತದೆಯೇ ಎಂದು ಪರೀಕ್ಷಿಸಿ.

ಕೊನೆಗೆ ಅಂಚು. ಮುಖಕ್ಕೆ ಸುರಿದ ಶ್ರದ್ಧೆಯನ್ನು ಅಂಚಿಗೂ ಕೊಡುವ ಖೋಟಾದಾರರು ಕಡಿಮೆ. ಸುತ್ತಲೂ ಓಡುವ ಬೆಸುಗೆಯ ಗೆರೆ, ಅದನ್ನು ಅಳಿಸಲು ಅರ ಹಾಕಿದ ಗುರುತು, ಹಲ್ಲುಗಳ ನಡುವಿನ ಅಂತರದಲ್ಲಿ ಏರುಪೇರು, ಇವುಗಳಲ್ಲಿ ಒಂದು ಕಂಡರೂ ನಾನು ಮುಂದೆ ಹೆಚ್ಚು ವಾದ ಮಾಡುವುದಿಲ್ಲ.

ಸುತ್ತಿಗೆಯಿಂದ ಕೈಯಲ್ಲೇ ಟಂಕಿಸಿದ ಪ್ರಾಚೀನ ನಾಣ್ಯಗಳಿಗೆ ಮಾತ್ರ ಈ ಕಟ್ಟುನಿಟ್ಟು ಹೊಂದುವುದಿಲ್ಲ. ಅವು ಸೊಟ್ಟಗಿರುತ್ತವೆ, ಚಿತ್ರ ಪಕ್ಕಕ್ಕೆ ಸರಿದಿರುತ್ತದೆ, ತೂಕ ಒಂದರಂತೆ ಒಂದಿರುವುದಿಲ್ಲ. ಹತ್ತು ನಾಣ್ಯಗಳು ಅಚ್ಚುಕಟ್ಟಾಗಿ ಒಂದೇ ತೂಕ ತೂಗಿದರೆ ಅಲ್ಲಿಯೇ ಅನುಮಾನಿಸಬೇಕು. ತಾಮ್ರದ ತಿರುಳಿಗೆ ಬೆಳ್ಳಿಯ ತಗಡು ಹೊದಿಸಿದ ನಾಣ್ಯಗಳು ರೋಮನರ ಕಾಲದಲ್ಲೇ ಇದ್ದವು. ಬಿರುಕಿನಿಂದ ಹಸಿರು ಕಿಲುಬು ಇಣುಕುತ್ತಿದ್ದರೆ ಅದು ಎರಡು ಸಾವಿರ ವರ್ಷ ಹಳೆಯ ನಕಲಿಯಾಗಿರಬಹುದು, ಸಂಗ್ರಹಕಾರರು ಅದನ್ನೂ ಕೊಳ್ಳುತ್ತಾರೆ.

ಹಂತ 8: ಪರಿಣತರ ಬಳಿಗೆ

ನಿಮ್ಮ ಪರೀಕ್ಷೆಗಳಲ್ಲಿ ಅನುಮಾನ ಬಾರದೆ, ನಾಣ್ಯವೂ ಬೆಲೆಬಾಳುವಂತೆ ಕಂಡರೆ ಮಾತ್ರ ಹಣ ಕೊಟ್ಟು ಮುಂದಿನ ಪರೀಕ್ಷೆ ಮಾಡಿಸಿ. ಅದನ್ನು ಕೊಳ್ಳಲು ಆಸಕ್ತಿಯಿರುವವರ ಅಭಿಪ್ರಾಯವೊಂದನ್ನೇ ನಂಬಬೇಡಿ. ಒಡವೆಯಂಗಡಿಗಳಲ್ಲಿರುವ ಎಕ್ಸ್-ಕಿರಣ ಯಂತ್ರ ಲೋಹದ ಪ್ರಮಾಣವನ್ನು ನಿಖರವಾಗಿ ತೋರಿಸುತ್ತದೆ, ಆದರೆ ಅದು ನೋಡುವುದು ಮೇಲ್ಮೈಯ ತೆಳು ಪದರವನ್ನು. ದಪ್ಪ ಲೇಪದ ಕೆಳಗೇನಿದೆ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಅದರ ಫಲಿತಾಂಶವನ್ನು ನಿಮ್ಮ ನೀರಿನ ಲೆಕ್ಕದ ಜೊತೆಗಿಟ್ಟು ಓದಿ.

ಅಮೆರಿಕದಲ್ಲಿ 1986 ಮತ್ತು 1987ರಲ್ಲಿ ಆರಂಭವಾದ ಪಿಸಿಜಿಎಸ್ ಮತ್ತು ಎನ್‌ಜಿಸಿ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ದರ್ಜೆ ನಮೂದಿಸಿ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತವೆ. ನಿಮಗೆ ಬಂದ ನಾಣ್ಯ ಈಗಾಗಲೇ ಅಂಥ ಪೆಟ್ಟಿಗೆಯಲ್ಲಿದ್ದರೂ ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಪೆಟ್ಟಿಗೆಗಳಿಗೂ ನಕಲಿಗಳಿವೆ. ಮೇಲಿನ ಸಂಖ್ಯೆಯನ್ನು ಆಯಾ ಸಂಸ್ಥೆಯ ತಾಣದಲ್ಲಿ ನಮೂದಿಸಿ, ಅಲ್ಲಿ ಚಿತ್ರವಿದ್ದರೆ ಗೀರು, ಕಲೆಗಳನ್ನು ನಿಮ್ಮ ನಾಣ್ಯದೊಂದಿಗೆ ಒಂದೊಂದಾಗಿ ಹೋಲಿಸಿ ನೋಡಿ.

ನಕಲಿ ಎಂದು ಖಚಿತವಾದರೆ ಅದನ್ನು ಅಸಲಿಯೆಂದು ಮಾರುವುದು ಅಪರಾಧ, ಇಂದಿಗೂ ಚಲಾವಣೆಯಲ್ಲಿರುವ ಹಣದ ಖೋಟಾ ಆಗಿದ್ದರೆ ಪೊಲೀಸರಿಗೆ ಒಪ್ಪಿಸಬೇಕು. ಹಳೆಯದಾದರೆ ಮನೆಯ ನೆನಪಿನ ವಸ್ತುವಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಅಳತೆ ಬರೆದ ಹಾಳೆಯನ್ನು ಮಡಿಸಿ, "ಇದು ನಕಲಿ, ಪರೀಕ್ಷಿಸಿ ನೋಡಲಾಗಿದೆ" ಎಂದು ಮೇಲೆ ದಿನಾಂಕಸಹಿತ ಬರೆದು, ಅದೇ ಪೊಟ್ಟಣದಲ್ಲಿ ನಾಣ್ಯದ ಜೊತೆ ಸೇರಿಸಿಡಿ. ಮುಂದೆ ಆ ಪೆಟ್ಟಿಗೆಯನ್ನು ತೆರೆಯುವ ಮೊಮ್ಮಕ್ಕಳು ಮೊದಲು ಓದುವುದು ಅದನ್ನೇ.